ಏಳು ತಿಂಗಳ ಗೈರುಹಾಜರಿ

ಜನವರಿ 11

ಕೂಸೇ,

ಈ ಅಕ್ಷರ ಯಾರದು ಎಂದು ತಲೆ ಕೆರೆದುಕೊಳ್ಳಬೇಡ, ನಾನೇ ಹೇಳಿಬಿಡುತ್ತೇನೆ. ನಿಮ್ಮೂರಿನ ನದಿ ರಕ್ಷಣಾ ದಳದ ಕಾರ್ಯದರ್ಶಿ. ಶಾಲೆಯಲ್ಲಿ ಗುಮಾಸ್ತನಾಗಿದ್ದವನು, ಕಂಕುಳಲ್ಲಿ ಸದಾ ಹಾಜರಿ ಪುಸ್ತಕ. ನೀನು ಆರು ವರ್ಷದವಳಿದ್ದಾಗ ನನಗೆ 'ರಿಜಿಸ್ಟರ್ ಮಾಮ' ಎಂದು ಹೆಸರಿಟ್ಟೆ. ಊರಿಗೆ ಊರೇ ಅದನ್ನು ಹಿಡಿದುಕೊಂಡಿತು. ಈಗ ನನ್ನ ಹೆಂಡತಿಯೂ ಹಾಗೇ ಕರೆಯುತ್ತಾಳೆ, ಆ ಪಾಪ ನಿನಗೇ ಸುತ್ತಿಕೊಳ್ಳುತ್ತದೆ.

ನಿನ್ನ ವಿಳಾಸವನ್ನು ನಿಮ್ಮಪ್ಪನ ಮೇಜಿನ ಮೇಲಿದ್ದ ಲಕೋಟೆಯಿಂದ ಕದ್ದೆ. ಅವನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ವಿಷಯ ಇದು. ಸಂಬಳವಿಲ್ಲದೆ ನೀರಿಗೆ, ಬೆಂಕಿಗೆ ಓಡಿದ ಸ್ವಯಂಸೇವಕರಿಗೆ ಸರ್ಕಾರ ಹೊಸದಾಗಿ ಒಂದು ಪದಕ ಮಾಡಿದೆ. ಇಪ್ಪತ್ತೈದು ವರ್ಷ ಎಡೆಬಿಡದೆ ಸೇವೆ ಮಾಡಿರಬೇಕು. ನಿವೃತ್ತರಾದವರಿಗೂ ಕೊಡುತ್ತಾರೆ, ಬದುಕಿದ್ದರೆ ಸಾಕು. ನೀರಿಗೆ ಇಳಿಯುತ್ತಿದ್ದ ಎಂಟು ಜನರಲ್ಲಿ ಈಗ ಉಳಿದಿರುವುದು ಮೂವರು: ಕ್ಷೌರಿಕ, ಪಂಪು ರಿಪೇರಿಯವನು, ನಿಮ್ಮಪ್ಪ. ಮೊದಲ ಇಬ್ಬರದು ಏನೂ ತಕರಾರಿಲ್ಲ. ನಿಮ್ಮಪ್ಪನದೇ ತಲೆನೋವು. ಅವನ ಸೇವೆ ಒಟ್ಟು ಮೂವತ್ತೇಳು ವರ್ಷ. ಆದರೆ ಮಧ್ಯದಲ್ಲಿ ಒಂದು ಕಡೆ ಕತ್ತರಿಸಿದೆ. ನೀನು ಊರು ಬಿಟ್ಟ ವರ್ಷ ಮಾರ್ಚ್ ಒಂಬತ್ತರಿಂದ ಅಕ್ಟೋಬರ್ ಹದಿಮೂರರವರೆಗೆ ಹಾಜರಿ ಇಲ್ಲ. ನನ್ನ ಕೈಯಾರೆ 'ಗೈ' ಎಂದು ಬರೆದಿದ್ದೇನೆ, ಏಳು ತಿಂಗಳು, ಸಾಲುಸಾಲು. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ, ಆಮೇಲೆ ಹದಿನೆಂಟು. ಎರಡೂ ಇಪ್ಪತ್ತೈದು ಮುಟ್ಟುವುದಿಲ್ಲ.

ಮೂರು ತಿಂಗಳು ಮೀರಿದ ಬಿಡುವನ್ನು ಅವರು ಒಪ್ಪುವುದಿಲ್ಲ. ಆರನೇ ನಿಯಮದಲ್ಲಿ ಒಂದು ಕಿಂಡಿ ಇದೆ. ಮನೆಯಲ್ಲಿ ಕಾಯಿಲೆ ಇತ್ತು ಎಂದು ಕುಟುಂಬದವರು ಸಹಿ ಹಾಕಿದರೆ ಮಾಫಿ. ಅವನ ಕುಟುಂಬ ಅಂದರೆ ನೀನೊಬ್ಬಳೇ. ಯಾರಿಗೆ ಕಾಯಿಲೆ ಎಂದು ನೀನೇ ಆರಿಸಿಕೋ. ನಿಮ್ಮಮ್ಮ ಹೋಗಿ ಆಗಲೇ ಎಂಟು ವರ್ಷವಾಗಿತ್ತು, ಅವಳದು ಬರೆಯುವ ಹಾಗಿಲ್ಲ. ನಿನಗೆ ಕಾಮಾಲೆ ಅಂತ ಹಾಕಿದರೆ ಹೇಗೆ? ಗೌರವವಾದ ಕಾಯಿಲೆ, ತಿಂಗಳುಗಟ್ಟಲೆ ಎಳೆಯುತ್ತದೆ.

ಫಾರಂ ಒಳಗಿದೆ. ಸಹಿ ಹಾಕಿ ಕಳಿಸು. ಅವನು ಈಗ ತುಂಬ ಒಂಟಿಯಾಗಿಬಿಟ್ಟಿದ್ದಾನೆ. ಅಂಗಡಿಗೆ ಕೀಲಿ ಮಾಡಿಸಲು ಬಂದವರನ್ನು ಬೇಕೆಂದೇ ಕಾಯಿಸುತ್ತಾನೆ, ಸ್ವಲ್ಪ ಹೊತ್ತು ಕೂತಿರಲಿ ಎಂದು.

ಇಲ್ಲಿಗೆ ನಿಲ್ಲಿಸುವ ನಿನ್ನ
ರಿಜಿಸ್ಟರ್ ಮಾಮ


ಜನವರಿ 30

ಮಾಮ,

ನಾನು ಸಹಿ ಹಾಕುವುದಿಲ್ಲ. ಫಾರಂ ಹಾಗೇ ವಾಪಸು ಕಳಿಸಿದ್ದೇನೆ.

ಕಾಮಾಲೆಯಂತೆ! ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತೈದು ವರ್ಷದಿಂದ ಹೊದಿಕೆ, ದಿಂಬಿನ ಚೀಲ ಎಣಿಸುತ್ತಿದ್ದೇನೆ. ಒಂದು ಹೊದಿಕೆ ಕಮ್ಮಿ ಬಿದ್ದರೂ ನಿಜ ಬರೆದು ಬೈಸಿಕೊಳ್ಳುವವಳು ನಾನು. ನನ್ನ ಕೈಯಲ್ಲಿ ಸುಳ್ಳು ಬರೆಸಲು ನಿಮಗೆ ಹೇಗೆ ಮನಸ್ಸು ಬಂತು?

ಅದೂ ಅಲ್ಲದೆ ನಿಮ್ಮ ರಿಜಿಸ್ಟರೇ ತಪ್ಪು. ಅಪ್ಪ ಒಂದು ದಿನವೂ ತಪ್ಪಿಸಿದವನಲ್ಲ. ಅಮ್ಮ ಹೋದಾಗ ನನಗೆ ಹನ್ನೊಂದು. ಅಪ್ಪ ಕೆಳಗೆ ಅಂಗಡಿಯಲ್ಲಿ, ಫೋನು ಮೇಲೆ ಮನೆಯಲ್ಲಿ. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಅದನ್ನು ಎತ್ತಿದವಳು ನಾನು. 'ರಕ್ಷಣಾ ದಳ, ಹೇಳಿ' ಎನ್ನಬೇಕು. ಜಾಗ ಕೇಳಬೇಕು. ಮೆಟ್ಟಿಲ ಮೇಲಿಂದ ಅಪ್ಪನನ್ನು ಕೂಗಬೇಕು. ಆಮೇಲೆ ಮಿಕ್ಕ ಏಳು ಮನೆಗೆ ಫೋನ್ ಮಾಡಬೇಕು. ಆ ಏಳು ನಂಬರು ಈಗಲೂ ನಿದ್ದೆಗಣ್ಣಲ್ಲಿ ಹೇಳುತ್ತೇನೆ, ಅವುಗಳಲ್ಲಿ ಐದು ಮನೆಯವರು ಸತ್ತೇ ಹೋದರಂತಲ್ಲ. ನಮ್ಮ ಮನೆಯ ಫೋನು ನಮ್ಮದಾಗಿರಲಿಲ್ಲ ಮಾಮ. ನನ್ನ ಗೆಳತಿಯರು ಯಾರೂ ನನಗೆ ಫೋನ್ ಮಾಡುವ ಹಾಗಿರಲಿಲ್ಲ. ಲೈನ್ ಖಾಲಿ ಇರಬೇಕು. ಇದೊಂದು ಮಾತನ್ನು ಅಪ್ಪನ ಬಾಯಲ್ಲಿ ಕೇಳಿದಷ್ಟು ನನ್ನ ಹೆಸರನ್ನೂ ಕೇಳಿಲ್ಲ.

ಆ ಮಾರ್ಚ್ ನಾಲ್ಕರಂದು ನಾನು ಜೀವನದಲ್ಲಿ ಮೊದಲ ಸಲ ನನಗೋಸ್ಕರ ಫೋನ್ ಹಿಡಿದು ಕೂತೆ. ಟೈಪಿಂಗ್ ಕ್ಲಾಸಿನ ಹುಡುಗನೊಬ್ಬ, ಒಳ್ಳೆಯವನು. ಇಪ್ಪತ್ತೆರಡು ನಿಮಿಷ ಮಾತಾಡಿದೆ. ಅದೇ ಹೊತ್ತಿಗೆ ದೋಣಿಕಟ್ಟೆಯಲ್ಲಿ ಹಲಗೆ ಜೋಡಿಸುತ್ತಿದ್ದ ಬಡಗಿ ನೀರಿಗೆ ಬಿದ್ದಿದ್ದ. ಟಿಕೆಟ್ ಕೊಡುವವನು ನಮ್ಮ ನಂಬರಿಗೆ ಮಾಡಿ ಮಾಡಿ ಸಾಕಾಗಿ, ಕೊನೆಗೆ ಕ್ಷೌರಿಕನ ಮನೆಗೆ ಮಾಡಿದನಂತೆ. ನೀವೆಲ್ಲ ಹೋದಾಗ ಸಿಕ್ಕಿದ್ದು ಹೆಣ. ಮೂರು ಗಂಟೆಗೆ ಅಪ್ಪ ಬಂದ, ಬಟ್ಟೆಯಿಂದ ನೀರು ಸೋರುತ್ತಿತ್ತು. ಬಾಗಿಲಲ್ಲೇ ನಿಂತು ಹೇಳಿದ: "ನಿನ್ನ ಹರಟೆಗೆ ಒಂದು ಜೀವ ಹೋಯ್ತು."

ಐದನೇ ದಿನ ನಾನು ಊರು ಬಿಟ್ಟೆ.

ಅಕ್ಟೋಬರ್ ಹದಿಮೂರು ನನ್ನ ಹುಟ್ಟಿದ ದಿನ. ಇಪ್ಪತ್ತು ತುಂಬಿತ್ತು, ಹೊಸ ಊರು, ಕಷ್ಟವಾಗುತ್ತಿತ್ತು. ಆಸ್ಪತ್ರೆಯ ಎದುರಿನ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಒಂದು ಸಲ ಬಾರಿಸುವಷ್ಟರಲ್ಲಿ ಅಪ್ಪ ಎತ್ತಿದ. 'ರಕ್ಷಣಾ ದಳ, ಹೇಳಿ' ಎಂದ. ಇಟ್ಟುಬಿಟ್ಟೆ. ಮಗಳು ಹೋದರೂ ಆ ಮನುಷ್ಯ ಡ್ಯೂಟಿ ಮೇಲೇ ಇದ್ದಾನೆ ಎಂದುಕೊಂಡೆ. ಈಗ ನೀವು ಹೇಳುತ್ತೀರಿ, ಅವನು ಏಳು ತಿಂಗಳು ಗೈರುಹಾಜರು ಎಂದು. ಪುಸ್ತಕ ತಿದ್ದಿಕೊಳ್ಳಿ. ಪದಕ ತಾನಾಗಿ ಬರುತ್ತದೆ, ಒಬ್ಬನನ್ನು ಕೊಂದವಳ ಸಹಿ ಬೇಕಾಗುವುದಿಲ್ಲ.

ಇಂತಿ,
ಬಟ್ಟೆ ಕೋಣೆಯಿಂದ


ಫೆಬ್ರವರಿ 10

ಕೂಸೇ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಹೆಂಡತಿ "ಯಾರಾದ್ರೂ ಹೋದ್ರಾ?" ಅಂತ ಕೇಳಿದಳು. ನನ್ನ ಮುಖ ಹಾಗಾಗಿತ್ತಂತೆ.

ಪುಸ್ತಕ ತಪ್ಪಿಲ್ಲ. ನೀನು ಹೋದ ದಿನವೇ ಮಧ್ಯಾಹ್ನ ನಿಮ್ಮಪ್ಪ ನಮ್ಮ ಮನೆಗೆ ಬಂದ. ಕೂರು ಎಂದರೆ ಕೂರಲಿಲ್ಲ. ಗೋಡೆಗೆ ಅಂಟಿಸಿದ್ದ ನಂಬರುಗಳ ಪಟ್ಟಿಯಲ್ಲಿ, ನನ್ನದೇ ಸ್ಕೇಲು ಇಟ್ಟು, ತನ್ನ ಮನೆ ನಂಬರಿನ ಮೇಲೆ ಗೆರೆ ಎಳೆದ. "ಇವತ್ತಿಂದ ಕರೆಗಳೆಲ್ಲ ಕ್ಷೌರಿಕನ ಮನೆಗೆ ಹೋಗಲಿ. ನನ್ನ ಲೈನು ಖಾಲಿ ಬೇಕು" ಅಂದ. "ಯಾಕಯ್ಯಾ?" ಅಂದೆ. "ಬೇಕು" ಅಂದ, ಅಷ್ಟೇ. ಟೆಲಿಫೋನ್ ಕಚೇರಿ, ಪೊಲೀಸು, ದೋಣಿಕಟ್ಟೆ, ಎಲ್ಲ ಕಡೆ ನಾನೇ ನಡೆದು ಹೋಗಿ ನಂಬರು ಬದಲಾಯಿಸಿ ಬಂದೆ.

ಆಮೇಲೆ ಅವನು ಕೆಳಗಿನ ಅಂಗಡಿಯ ಬಾಗಿಲು ಹಾಕಿ, ಮೇಜು, ಇಕ್ಕಳ, ಅರ ಎಲ್ಲವನ್ನೂ ಮೇಲಕ್ಕೆ ಸಾಗಿಸಿದ. ಫೋನಿನ ಪಕ್ಕದಲ್ಲೇ ಕೀಲಿ ಉಜ್ಜುತ್ತಾ ಕೂತ. ಗಿರಾಕಿಗಳು ಮೆಟ್ಟಿಲು ಹತ್ತಿ ಹೋಗಬೇಕು. ಹತ್ತಿದರೂ ಫೋನಿನ ಹತ್ತಿರ ನಿಲ್ಲುವ ಹಾಗಿಲ್ಲ, ಬೈಯುತ್ತಿದ್ದ. ನದಿಯಲ್ಲಿ ದೋಣಿ ಮಗುಚಿದಾಗಲೂ ಬರಲಿಲ್ಲ. ಪಂಪಿನವನು ಒಂದು ದಿನ ರೇಗಿ "ನಿಂಗೇನಾದ್ರೂ ಕಾಲು ಕಟ್ಟಿ ಹಾಕಿದಾರಾ?" ಅಂತ ಮುಖಕ್ಕೇ ಕೇಳಿದ. ಹೌದು ಅಂದನಂತೆ.

ನಿನ್ನ ಫೋನಿಗೆ ಕಾಯುತ್ತಿದ್ದಾನೆ ಎಂದು ನಮಗೆಲ್ಲ ಗೊತ್ತಿತ್ತು. ಅದು ನಿನಗೊಬ್ಬಳಿಗೇ ಗೊತ್ತಿಲ್ಲ ಎನ್ನುವುದು ಇವತ್ತು ಗೊತ್ತಾಯಿತು.

ಅಕ್ಟೋಬರ್ ಹದಿನಾಲ್ಕರ ಬೆಳಗ್ಗೆ ಬಂದು "ನಂಬರು ಮತ್ತೆ ಹಾಕು, ನಾನೂ ಬರ್ತೀನಿ" ಅಂದ. ಏನಾಯಿತು ಅಂತ ನಾನು ಕೇಳಲಿಲ್ಲ. ಅವನ ಮುಖ ನೋಡಿದರೆ ಕೇಳುವ ಹಾಗಿರಲಿಲ್ಲ. ನೀನು ಹೇಳಿದ ಫೋನು ಅದರ ಹಿಂದಿನ ದಿನದ್ದು ಕೂಸೇ. ಅವತ್ತು ಅವನು ದಳದವನಾಗಿರಲಿಲ್ಲ. ಅವನ ಫೋನೂ ದಳದ್ದಾಗಿರಲಿಲ್ಲ. ಅಂದ ಮೇಲೆ ಆ ಮಾತು ಯಾಕೆ ಬಂತು ಅಂತ ಅವನನ್ನೇ ಕೇಳು.

ಇನ್ನೊಂದು. ಆ ಬಡಗಿಯ ವಿಷಯ. 'ಕೊಂದವಳು' ಎಂದು ಬರೆದಿದ್ದೀಯಲ್ಲ. ನಿಮ್ಮಪ್ಪ ನಿನಗೆ ಹೇಳಿಲ್ಲವಾ? ಇಷ್ಟು ವರ್ಷದಲ್ಲಿ ಒಂದು ಸಲವೂ? ಅದು ನಾನು ಬರೆಯುವ ಮಾತಲ್ಲ. ಅದನ್ನೂ ಅವನನ್ನೇ ಕೇಳು, ಇವತ್ತೇ ಕೇಳು.

ನಿನ್ನ
ಮಾಮ


ಫೆಬ್ರವರಿ 18

ಅಪ್ಪ,

ನಾವು ವರ್ಷಕ್ಕೆ ಎರಡು ಪತ್ರ ಬರೆಯುವವರು. ನೀನು ನೆಗಡಿಯ ವಿಷಯ ಬರೆಯುತ್ತೀಯ, ನಾನು ಬಿಸಿಲಿನ ವಿಷಯ ಬರೆಯುತ್ತೇನೆ. ಒಂದು ಸಲ ನನ್ನನ್ನು ನೋಡಲು ಬಂದೆ, ರೈಲು ನಿಲ್ದಾಣದ ಬೆಂಚಿನ ಮೇಲೆ ಒಂದು ಗಂಟೆ ಕೂತೆವು. ಆ ಒಂದು ಗಂಟೆಯೂ ಯಾವ ರೈಲು ಎಷ್ಟು ತಡ ಎಂದೇ ಮಾತಾಡಿದೆವು.

ಈಗ ಎರಡು ಪ್ರಶ್ನೆ ಕೇಳುತ್ತೇನೆ. ನಿಜ ಬರಿ.

ನಾನು ಫೋನ್ ಮಾಡಿದ ದಿನ ಯಾಕೆ ಹಾಗೆ ಅಂದೆ?

ಬಡಗಿಯ ವಿಷಯದಲ್ಲಿ ನನಗೆ ಹೇಳದೆ ಇಟ್ಟುಕೊಂಡದ್ದು ಏನು?

ಮಗಳು


ಮಾರ್ಚ್ 20

ಮಗಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಈ ತಿಂಗಳಲ್ಲಿ ಹನ್ನೊಂದು ಸಲ ಬರೆಯಲು ಕೂತೆ. ಮಾಮನಿಗೆ ಚೆನ್ನಾಗಿ ಬೈದೆ. ಅವನು ಇನ್ನೂ ಮುಖ ಊದಿಸಿಕೊಂಡಿದ್ದಾನೆ.

ಎರಡನೆಯದನ್ನು ಮೊದಲು ಬರೆಯುತ್ತೇನೆ, ಇಲ್ಲದಿದ್ದರೆ ಧೈರ್ಯ ಸಾಲುವುದಿಲ್ಲ.

ಬಡಗಿ ಬಿದ್ದದ್ದು ಊಟದ ಹೊತ್ತಿಗೆ. ಯಾರೂ ನೋಡಿರಲಿಲ್ಲ. ಮಿಕ್ಕವರು ಊಟ ಮುಗಿಸಿ ಬಂದು, ಹಲಗೆಯ ಮೇಲೆ ಅವನ ಚಪ್ಪಲಿ ಮಾತ್ರ ಇದ್ದದ್ದು ಕಂಡು, ಹುಡುಕಿ, ಆಮೇಲೆ ಫೋನ್ ಮಾಡಿದರು. ಅಷ್ಟು ಹೊತ್ತಿಗೆ ಅವನು ಮುಳುಗಿ ಒಂದು ಗಂಟೆಯ ಮೇಲಾಗಿತ್ತು. ಡಾಕ್ಟರೂ ಹಾಗೇ ಅಂದರು. ನೀನು ಫೋನಿನಲ್ಲಿ ಇರದಿದ್ದರೂ, ನಾವು ಆ ಕ್ಷಣವೇ ಹಾರಿ ಹೋಗಿದ್ದರೂ, ಅವನು ಉಳಿಯುತ್ತಿರಲಿಲ್ಲ. ನಿನ್ನ ತಪ್ಪು ಅದರಲ್ಲಿ ಏನೇನೂ ಇಲ್ಲ.

ನಾನು ನಿನಗೆ ಆ ಮಾತು ಅಂದದ್ದು ಮೂರು ಗಂಟೆಗೆ. ಇದು ನನಗೆ ಗೊತ್ತಾದದ್ದು ಅದೇ ದಿನ ಸಂಜೆ ಆರು ಗಂಟೆಗೆ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಇವಳಿಗೆ ಸ್ವಲ್ಪ ಬಿಸಿ ಮುಟ್ಟಲಿ, ಫೋನಿನ ಬೆಲೆ ತಿಳಿಯಲಿ, ನಾಲ್ಕು ದಿನ ಬಿಟ್ಟು ಹೇಳೋಣ ಎಂದುಕೊಂಡೆ. ನಾಲ್ಕು ದಿನ ನೀನು ಊಟ ಸರಿಯಾಗಿ ಮಾಡಲಿಲ್ಲ, ನೋಡುತ್ತಲೇ ಇದ್ದೆ. ಐದನೇ ದಿನ ಬೆಳಗ್ಗೆ ಹೇಳಬೇಕೆಂದೇ ಮೆಟ್ಟಿಲು ಹತ್ತಿ ಬಂದೆ. ನಿನ್ನ ಪೆಟ್ಟಿಗೆ ಇರಲಿಲ್ಲ.

ಮುಂದಿನ ವರ್ಷ ನಿನ್ನ ವಿಳಾಸ ಬಂತು. ಪತ್ರದಲ್ಲಾದರೂ ಬರೆಯಬಹುದಿತ್ತು. ಬರೆದರೆ 'ಇಷ್ಟು ದಿನ ಯಾಕೆ ಹೇಳಲಿಲ್ಲ' ಎಂದು ಕೇಳುತ್ತೀಯಲ್ಲ, ಅದಕ್ಕೆ ಹೆದರಿದೆ. ವರ್ಷ ಹೆಚ್ಚಾದ ಹಾಗೆಲ್ಲ ಆ ಹೆದರಿಕೆಯೂ ಹೆಚ್ಚಾಯಿತು. ಆಮೇಲೆ, ನೀನು ಮರೆತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಲಭವಾಗಿತ್ತು.

ಇನ್ನು ಫೋನು. ಏಳು ತಿಂಗಳು ಏನು ಹೇಳಬೇಕೆಂದು ಅಭ್ಯಾಸ ಮಾಡಿದ್ದೆ. 'ಮಗಾ, ಎಲ್ಲಿದ್ದೀಯ, ತಪ್ಪು ನಂದು, ಬಾ.' ಕೀಲಿ ಉಜ್ಜುವಾಗ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಹಾಲಿನವಳು ಕೇಳಿಸಿಕೊಂಡು ಓಡಿಹೋದಳು. ಅವತ್ತು ಮಧ್ಯಾಹ್ನ ಒಂದೂಕಾಲಿಗೆ ಗಂಟೆ ಬಾರಿಸಿತು. ಎತ್ತಿದೆ. ಬಾಯಿ ತೆರೆದರೆ ಹತ್ತೊಂಬತ್ತು ವರ್ಷದಿಂದ ಬರುತ್ತಿದ್ದ ಮಾತೇ ಬಂತು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ನೀನು ಇಟ್ಟಿದ್ದೆ. ನಿನ್ನ ಉಸಿರು ಕೇಳಿಸಿತ್ತು. ಸಂಜೆಯವರೆಗೆ ಅದರ ಮುಂದೆಯೇ ಕೂತಿದ್ದೆ, ಇನ್ನೊಂದು ಸಲ ಮಾಡುತ್ತೀಯೇನೋ ಎಂದು. ನನ್ನ ಆ ಮಾತು ಕೇಳಿದ ಮೇಲೆ ಇನ್ನು ಇವಳು ಮಾಡುವುದಿಲ್ಲ ಎಂದು ಮನಸ್ಸಿಗೆ ಬಂತು. ಮಾರನೇ ದಿನ ದಳಕ್ಕೆ ಹೋದೆ. ಮನೆಯಲ್ಲಿ ಕೂರಲು ಆಗಲಿಲ್ಲ.

ಕ್ಷಮಿಸು ಎಂದು ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ.

ಅಪ್ಪ


ಮೇ 6

ಕೂಸೇ,

ನಿಮ್ಮಪ್ಪ ನಿನಗೆ ಬರೆದು ಒಂದೂವರೆ ತಿಂಗಳಾಯಿತಂತೆ. ಉತ್ತರ ಇಲ್ಲವಂತೆ. ಅವನು ಹೇಳಲಿಲ್ಲ. ಪೋಸ್ಟಿನವನು ಹೇಳಿದ, ದಿನಾ ಹನ್ನೊಂದು ಗಂಟೆಗೆ ಅಂಗಡಿ ಬಿಟ್ಟು ಬೀದಿಯ ತುದಿಗೆ ಬಂದು ನಿಲ್ಲುತ್ತಾನಂತೆ, ಏನೂ ಕೇಳುವುದಿಲ್ಲವಂತೆ, ಕೈ ನೋಡಿ ವಾಪಸು ಹೋಗುತ್ತಾನಂತೆ.

ಅರ್ಜಿಗೆ ಜೂನ್ ಮೂವತ್ತು ಕೊನೆಯ ದಿನ. ನಿನಗೆ ಬರೆದು ತಲೆಹರಟೆ ಮಾಡಿದ್ದೇ ನಾನು, ಇನ್ನು ಆ ಮಾತು ಎತ್ತಬಾರದು. ಫಾರಂ ಅವನೇ ನನ್ನಿಂದ ಕಸಿದುಕೊಂಡು ಹೋಗಿದ್ದಾನೆ. "ಅವಳ ತಂಟೆಗೆ ಹೋಗ್ಬೇಡ" ಅಂದಿದ್ದಾನೆ. ಹೋಗುವುದಿಲ್ಲ. ನಾನು ಬರೆದದ್ದು ಪದಕಕ್ಕಲ್ಲ. ಬೈದಾದರೂ ಒಂದು ಸಾಲು ಬರಿ ಅವನಿಗೆ.

ಮಾಮ


ಜೂನ್ 2

ಅಪ್ಪ,

ಬೈಯಲು ಕೂತಿದ್ದೇನೆ.

ಬಿಸಿ ಮುಟ್ಟಲಿ ಅಂತ ಸುಮ್ಮನಿದ್ದೆಯಾ? ಮುಟ್ಟಿತು. ಚೆನ್ನಾಗಿ ಮುಟ್ಟಿತು. ಇಪ್ಪತ್ತಾರು ವರ್ಷದಿಂದ ನನ್ನ ಕೋಣೆಯಲ್ಲಿ ಫೋನಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ಜಿಪುಣಿ ಅಂದುಕೊಂಡಿದ್ದಾರೆ. ವರ್ಷ ವರ್ಷವೂ ಮಾರ್ಚ್ ನಾಲ್ಕರಂದು ರಜೆ ಹಾಕಿ ಮುಸುಕು ಹೊದ್ದು ಮಲಗುತ್ತೇನೆ. ಆ ಬಡಗಿಗೆ ಹೆಂಡತಿ ಇದ್ದಳೋ, ಮಕ್ಕಳಿದ್ದರೋ, ಅವರು ಈಗ ಎಷ್ಟು ದೊಡ್ಡವರಾಗಿರಬಹುದು ಎಂದು ಯೋಚಿಸುತ್ತೇನೆ. ದೊಡ್ಡವಳಿಗೆ ಮದುವೆಯಾಗಿರಬಹುದು ಎಂದು ಒಂದು ವರ್ಷ ನಾನೇ ತೀರ್ಮಾನ ಮಾಡಿಕೊಂಡೆ. ಅವಳಿಗೆ ಅಪ್ಪ ಇಲ್ಲ, ನನ್ನಿಂದ ಇಲ್ಲ.

ಆ ಟೈಪಿಂಗ್ ಕ್ಲಾಸಿನವನು ಮೂರು ಪತ್ರ ಬರೆದ. ಒಡೆಯದೆ ಹಾಗೇ ವಾಪಸು ಕಳಿಸಿದೆ. ಅವನ ಜೊತೆ ಇನ್ನೊಂದು ಮಾತಾಡಿದರೆ ಇನ್ನೊಬ್ಬರು ಯಾರೋ ಸಾಯುತ್ತಾರೆ ಅನ್ನಿಸುತ್ತಿತ್ತು. ಈಗ ಅವನು ಎಲ್ಲಿದ್ದಾನೋ, ತಲೆಯೆಲ್ಲ ಬೋಳಾಗಿ ಮೊಮ್ಮಕ್ಕಳ ಮೂಗು ಒರೆಸುತ್ತಿರಬೇಕು. ನಾನು ಇಲ್ಲಿ ಹೊದಿಕೆ ಎಣಿಸುತ್ತಿದ್ದೇನೆ.

ನಿನ್ನ ಪತ್ರ ಓದಿದ ದಿನ ಮೊದಲು ನಗು ಬಂತು. ಕೆಲಸದ ಜಾಗದಲ್ಲಿ, ಎಲ್ಲರ ಎದುರಿಗೆ. ನಿಲ್ಲಿಸಲು ಆಗಲಿಲ್ಲ. ಜೊತೆಯವಳು ನೀರು ತಂದುಕೊಟ್ಟು ಬೆನ್ನು ಸವರಿದಳು. ನನ್ನ ಬೆನ್ನನ್ನು ಯಾರಾದರೂ ಸವರಿ ಎಷ್ಟು ವರ್ಷವಾಗಿತ್ತು ಎಂದು ಆಗ ನೆನಪಾಗಿ ಅಳು ಬಂತು.

ಇನ್ನು ಆ ಏಳು ತಿಂಗಳು. ನೀನು ಫೋನಿನ ಪಕ್ಕ ಕೂತಿದ್ದನ್ನು ಯೋಚಿಸಿದರೆ ಈಗಲೇ ರೈಲು ಹತ್ತಿ ಬಂದುಬಿಡಬೇಕು ಅನ್ನಿಸುತ್ತದೆ. ತಕ್ಷಣ ಆ ನಾಲ್ಕು ದಿನ ನೆನಪಾಗುತ್ತದೆ, ಮತ್ತೆ ಕಲ್ಲಾಗುತ್ತೇನೆ. ಎರಡೂ ಮಾಡಿದವನು ಒಬ್ಬನೇ ಮನುಷ್ಯ. ಯಾವುದನ್ನು ಹಿಡಿಯಲಿ?

ಮಾಮನಿಂದ ಬೇರೆ ಫಾರಂ ತರಿಸಿಕೊಂಡೆ. ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ನನಗೆ ಕಾಮಾಲೆ, ಏಳು ತಿಂಗಳು, ನೀನು ಆರೈಕೆ ಮಾಡಿದೆ. ಜೀವನದಲ್ಲಿ ಬರೆದ ಮೊದಲ ಸುಳ್ಳು ಲೆಕ್ಕ. ತಗೋ, ನಿನ್ನ ಪದಕ ನಿನಗೆ ಸಿಗಲಿ. ನನ್ನನ್ನು ಇಲ್ಲಿಗೆ ಬಿಟ್ಟುಬಿಡು.

ಬೇರೆ ಏನೂ ಇಲ್ಲ.


ಆಗಸ್ಟ್ 8

ಮಗಾ,

ಬಿಟ್ಟುಬಿಡು ಎಂದು ನೀನು ಬರೆದಿದ್ದೆ. ಎರಡು ತಿಂಗಳು ಬಿಟ್ಟೆ. ಇದೊಂದು ಪತ್ರ ಬರೆಯುತ್ತೇನೆ, ಬೇಡವಾದರೆ ಉತ್ತರ ಬರೆಯಬೇಡ.

ನಿನ್ನ ಫಾರಂ ವಾಪಸು ಕಳಿಸಿದ್ದೇನೆ, ನೋಡು, ಒಳಗಿದೆ. ಅದನ್ನು ಬಳಸಲಿಲ್ಲ. ನಿನ್ನ ತಲೆಯ ಮೇಲೆ ಒಂದು ಸಲ ಸುಳ್ಳು ಹೊರಿಸಿದ್ದೇನೆ. ಇನ್ನೊಂದನ್ನು ನಿನ್ನ ಕೈಯಿಂದಲೇ ಬರೆಸಿ ಎದೆಗೆ ಚುಚ್ಚಿಕೊಂಡು ತಿರುಗಲು ನನಗೆ ಆಗುವುದಿಲ್ಲ.

ನನ್ನ ಹತ್ತಿರ ಇದ್ದ ಫಾರಮ್ಮಿನಲ್ಲಿ ಗೈರುಹಾಜರಿಗೆ ಕಾರಣ ಎಂಬ ಜಾಗದಲ್ಲಿ ನಾನೇ ಬರೆದೆ. ಜಾಗ ಕಮ್ಮಿ ಇತ್ತು, ಅಕ್ಷರ ಚಿಕ್ಕದು ಮಾಡಿದೆ. ಹೀಗೆ ಬರೆದೆ: 'ತಪ್ಪಿಲ್ಲದ ಮಗಳ ಮೇಲೆ ಒಂದು ಸಾವನ್ನು ಹೊರಿಸಿದೆ. ಸುಳ್ಳೆಂದು ತಿಳಿದ ಮೇಲೂ ಹೇಳಲಿಲ್ಲ. ಅವಳು ಮನೆ ಬಿಟ್ಟು ಹೋದಳು. ಅವಳ ಫೋನ್ ಬರಬಹುದೆಂದು ಲೈನ್ ಖಾಲಿ ಇಟ್ಟುಕೊಂಡು ಏಳು ತಿಂಗಳು ಕಾದೆ.' ಮಾಮ ಓದಿ "ಲೋ, ಇದು ಅರ್ಜಿನಾ, ತಪ್ಪೊಪ್ಪಿಗೆನಾ?" ಅಂದ. ಬೈಯುತ್ತಲೇ ಸೀಲು ತೆಗೆದ. ಹೊಡೆದ.

ಅದೇ ಫಾರಂ ವಾಪಸು ಬಂದಿದೆ. ನಾನು ಬರೆದದ್ದರ ಕೆಳಗೆ ಕೆಂಪು ಮಸಿಯಲ್ಲಿ ಒಬ್ಬ ಅಧಿಕಾರಿ ಬರೆದಿದ್ದಾರೆ: 'ಮೇಲೆ ಹೇಳಿದ ಕಾರಣವನ್ನು ಪರಿಶೀಲಿಸಲಾಯಿತು. ಆರನೇ ನಿಯಮದಡಿ ಮಾನ್ಯವಲ್ಲ. ಅರ್ಜಿ ತಿರಸ್ಕೃತ.' ಸಹಿ, ತಾರೀಖು, ದುಂಡನೆಯ ದೊಡ್ಡ ಸೀಲು. ಒಳ್ಳೆಯ ಕೈಬರಹ.

ನಿನ್ನೆ ಸಮಾರಂಭ ಇತ್ತು. ಹೋಗಿದ್ದೆ. ಪದಕದವರಿಗೆ ಮುಂದೆ ಮೆತ್ತನೆಯ ಕುರ್ಚಿ, ನಮಗೆ ಹಿಂದೆ ಕಬ್ಬಿಣದ್ದು. ಬಾಗಿಲಲ್ಲಿ ಒಬ್ಬಳು ಹುಡುಗಿ "ತಾತ, ನೀವು ಯಾರ ಕಡೆಯವರು?" ಅಂತ ಕೇಳಿದಳು. "ಬೀಗ ರಿಪೇರಿಯವನಮ್ಮಾ" ಅಂದೆ. ಬಾಗಿಲೇನೋ ಕೆಟ್ಟಿದೆ ಅಂತ ತಿಳಿದು ಒಳಗೆ ಬಿಟ್ಟಳು. ಪಂಪಿನವನು ವೇದಿಕೆಯ ಮೇಲೆ ಅತ್ತುಬಿಟ್ಟ. ಕ್ಷೌರಿಕನ ಅಂಗಿಗೆ ಪಿನ್ನು ಹಾಕುವಾಗ ಅವನ ಎದೆಗೇ ಚುಚ್ಚಿದರು, "ಅಯ್ಯೋ" ಅಂದದ್ದು ಮೈಕಿನಲ್ಲಿ ಕೇಳಿಸಿತು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಎಲ್ಲರೂ ಮನೆಯವರ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಪಕ್ಕದ ಬಾಗಿಲಿಂದ ಹೊರಗೆ ಬಂದೆ, ಬಸ್ಸಿಗೆ ನಿಂತಾಗ ಬಹಳ ಒಂಟಿ ಅನ್ನಿಸಿತು. ನಿನಗೆ ಬಿಟ್ಟರೆ ಯಾರಿಗೂ ಇದನ್ನು ಹೇಳಿಲ್ಲ.

ಒಂದು ವಿಷಯ. ಆ ಅರ್ಜಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಹುಡುಕಿದೆ. ನೀರಿಗೆ ಇಳಿದವರಿಗೆ ಜಾಗ ಇದೆ, ದೋಣಿ ನಡೆಸಿದವರಿಗೆ ಇದೆ. ಹನ್ನೊಂದು ವರ್ಷದವಳು ಆಟ ಬಿಟ್ಟು ಬಂದು ಫೋನ್ ಎತ್ತಿದ್ದಕ್ಕೆ ಬರೆಯಲು ಒಂದು ಗೆರೆಯಷ್ಟೂ ಜಾಗ ಇಲ್ಲ. ಅಂಚಿನಲ್ಲಾದರೂ ಬರೆಯೋಣ ಅಂದುಕೊಂಡೆ. ಮಾಮ ಬಿಡಲಿಲ್ಲ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ: ನಾವು ನೀರಿನಿಂದ ಎತ್ತಿದವರಲ್ಲಿ ಅರ್ಧಕ್ಕರ್ಧ ಜನ ನೀನು ಕೂಗಿದ್ದಕ್ಕೆ ಉಳಿದವರು.

ತಿರಸ್ಕಾರವಾದ ಆ ಕಾಗದ ಮೇಜಿನ ಖಾನೆಯಲ್ಲಿದೆ. ಕಣ್ಣಿಗೆ ಬಿದ್ದಾಗಲೆಲ್ಲ ನಾಚಿಕೆಯಾಗುತ್ತದೆ. ಈ ವಾರ ಕಸದ ಜೊತೆ ಸುಟ್ಟುಬಿಡಬೇಕು ಎಂದಿದ್ದೇನೆ.

ಆರೋಗ್ಯ ನೋಡಿಕೋ.

ಅಪ್ಪ


ಆಗಸ್ಟ್ 13

ಅಪ್ಪ,

ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಆ ಕಾಗದ ಸುಡಬೇಡ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಕಳೆದ ವರ್ಷಗಳನ್ನು ನೀನು ತಂದುಕೊಡಲಾರೆ, ನಾನೂ ಕೇಳಲಾರೆ. ಎದುರಿಗೆ ಕೂತು ನಿನ್ನ ಮೇಲೆ ಕೂಗಾಡುವುದು ಬೇಕಾದಷ್ಟಿದೆ, ಕಿವಿ ಗಟ್ಟಿ ಮಾಡಿಕೊಂಡಿರು.

ಆದರೆ ಅಪ್ಪ, ನಾನು ಅಷ್ಟು ವರ್ಷ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ನಾನು ಕೊಲೆಗಾತಿಯಲ್ಲ ಎಂದು ಯಾರೂ ನನಗೆ ಹೇಳಲಿಲ್ಲ, ಏಕೆಂದರೆ ಯಾರಿಗೂ ಗೊತ್ತಿರಲಿಲ್ಲ. ನಿನ್ನ ಪತ್ರ ಬಂದ ಮೇಲೂ ಬೆಳಗ್ಗೆ ಎದ್ದ ಕೂಡಲೇ ಒಂದು ನಿಮಿಷ ಹಳೆಯದೇ ಭಾರ. ಆಮೇಲೆ ನಿನ್ನ ಮಾತು ನೆನಪು ಮಾಡಿಕೊಳ್ಳಬೇಕು. ಈಗ 'ತಪ್ಪಿಲ್ಲದ ಮಗಳು' ಎಂದು ಒಂದು ಕಾಗದದ ಮೇಲೆ ನೀನು ಬರೆದಿದ್ದೀಯ. ಅದನ್ನು ಗುರುತಿಲ್ಲದ ಯಾರೋ ಒಬ್ಬ ಅಧಿಕಾರಿ ಕೂತು ಓದಿದ್ದಾನೆ. ಪರಿಶೀಲಿಸಿದ್ದೇನೆ ಎಂದು ಸಹಿ ಹಾಕಿದ್ದಾನೆ. ಸೀಲು ಒತ್ತಿದ್ದಾನೆ.

ನಿನಗೆ ಅದು ನಾಚಿಕೆಯಾದರೆ ನನಗೆ ಕೊಡು. ನನ್ನ ಕೋಣೆಯಲ್ಲಿ, ಮಂಚದ ಎದುರಿಗೆ, ಕಣ್ಣು ಬಿಟ್ಟ ತಕ್ಷಣ ಕಾಣುವ ಕಡೆ ಹಾಕಿಕೊಳ್ಳುತ್ತೇನೆ.

ಪೋಸ್ಟಿಗೆ ಹಾಕಬೇಡ. ಎಲ್ಲಾದರೂ ಕಳೆದುಹೋದೀತು. ಶುಕ್ರವಾರ ರಜೆ ಬರೆದು ಕೊಟ್ಟಿದ್ದೇನೆ. ನಾನೇ ಬಂದು ತೆಗೆದುಕೊಳ್ಳುತ್ತೇನೆ.

ನಿನ್ನ ಮಗಳು